ಪ್ರೋಟಾನಿನ ಸಾವಿಗಾಗಿ ಕಾದ ಕೋಲಾರದ ಗಣಿ

ಮಳೆ ಬಿಟ್ಟ ಒಂದು ಮಧ್ಯಾಹ್ನ ಕೊಪ್ಪ ತಾಲ್ಲೂಕಿನ ಜಯಪುರದಲ್ಲಿ ಯಾರಾದರೂ ಅಂಗಳದಲ್ಲಿ ಅಂಗೈ ಚಾಚಿ ನಿಂತರೆ, ಸೆಕೆಂಡಿಗೆ ಸುಮಾರು ಒಂದರಂತೆ ಸೂಕ್ಷ್ಮ ಕಣಗಳು ಆ ಅಂಗೈಯನ್ನು ತೂರಿಕೊಂಡು ನೆಲಕ್ಕಿಳಿಯುತ್ತಿರುತ್ತವೆ. ನೋವಿಲ್ಲ, ಗುರುತೂ ಇಲ್ಲ. ಬೆಂಗಳೂರಿನ ಬಸ್ ನಿಲ್ದಾಣದಲ್ಲಾಗಲಿ, ಹುಬ್ಬಳ್ಳಿಯ ಪೇಟೆಬೀದಿಯಲ್ಲಾಗಲಿ ನಿಂತವರ ಪಾಡೂ ಅದೇ. ಈ ಕಣಗಳ ಹೆಸರು ಮ್ಯೂಆನ್. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ ಹುಟ್ಟುವ ಸಂತಾನದ ಸಂತಾನ ಅದು.

ಮ್ಯೂಆನ್ ಅಲ್ಪಾಯುಷಿ. ಅದರ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಅಷ್ಟು ಹೊತ್ತಿನ ಬಳಿಕ ಅದು ತಾನಾಗಿಯೇ ಒಂದು ಎಲೆಕ್ಟ್ರಾನ್ ಹಾಗೂ ಎರಡು ನ್ಯೂಟ್ರಿನೊಗಳಾಗಿ ಒಡೆದುಹೋಗುತ್ತದೆ. ಭೌತವಿಜ್ಞಾನಿಗಳು ಇದನ್ನು ಕಣದ ಕ್ಷಯ ಎಂದು ಕರೆಯುತ್ತಾರೆ. ಸವೆಯುವುದಕ್ಕೂ ಕೊಳೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನುಷ್ಯನಿಗೆ ವಯಸ್ಸಾದಂತೆ ಕಣಕ್ಕೆ ವಯಸ್ಸಾಗುವುದಿಲ್ಲ. ಹುಟ್ಟಿದ ಕ್ಷಣದಲ್ಲಿ ಅದು ಒಡೆಯುವ ಸಾಧ್ಯತೆ ಎಷ್ಟೋ, ಬದುಕುಳಿದ ಮರುಕ್ಷಣದಲ್ಲೂ ಅಷ್ಟೇ. ಯಾವ ಕಣ ಯಾವಾಗ ಒಡೆಯುತ್ತದೆಂದು ಹೇಳಲು ಯಾರಿಂದಲೂ ಆಗದು. ಆದರೆ ಲಕ್ಷ ಕಣಗಳಲ್ಲಿ ಇಷ್ಟು ಹೊತ್ತಿಗೆ ಎಷ್ಟು ಉಳಿದಿರುತ್ತವೆ ಎಂಬುದನ್ನು ಮಾತ್ರ ಕರಾರುವಾಕ್ಕಾಗಿ ಹೇಳಬಹುದು.

ಇಲ್ಲೊಂದು ತಕರಾರು ಏಳುತ್ತದೆ. ಬೆಳಕಿನ ವೇಗದಲ್ಲಿ ಓಡಿದರೂ 2.2 ಮೈಕ್ರೊಸೆಕೆಂಡಿನಲ್ಲಿ ಕ್ರಮಿಸಬಹುದಾದ ದೂರ ಸುಮಾರು 660 ಮೀಟರ್. ಮ್ಯೂಆನ್‌ಗಳು ಹುಟ್ಟುವುದಾದರೋ ನೆಲದಿಂದ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ. ಹಾಗಾದರೆ ಅವು ಜಯಪುರದ ಅಂಗಳಕ್ಕೆ ತಲುಪುವುದಾದರೂ ಹೇಗೆ? ಉತ್ತರ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿದೆ. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಕಣದ ಗಡಿಯಾರ, ನೆಲದ ಮೇಲಿರುವವರ ಲೆಕ್ಕದಲ್ಲಿ, ನಿಧಾನವಾಗುತ್ತದೆ, ಆಯುಷ್ಯ ಹಿಗ್ಗುತ್ತದೆ. ವಿಶ್ವಕಿರಣದ ಅಲ್ಪಾಯುಷಿ ಕಣವನ್ನೇ ಗಡಿಯಾರವಾಗಿ ಬಳಸಿ ಈ ಸಂಗತಿಯನ್ನು ಪರೀಕ್ಷಿಸಬಹುದೆಂದು 1938ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸೂಚಿಸಿದವರು ಆಗ ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ. ಮರುವರ್ಷ ರಜೆಗೆಂದು ಭಾರತಕ್ಕೆ ಬಂದ ಅವರು ಮಹಾಯುದ್ಧ ಶುರುವಾದ ಕಾರಣ ಇಲ್ಲಿಯೇ ಉಳಿದರು. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾದದ್ದೂ ಮೊದಲು ಬೆಂಗಳೂರಿನಲ್ಲೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು.

ಮುಂಬಯಿಗೆ ಹೋದ ಆ ಸಂಸ್ಥೆಯನ್ನು ಕರ್ನಾಟಕದ ನೆಲಕ್ಕೆ, ಅಲ್ಲ, ಕರ್ನಾಟಕದ ನೆಲದಡಿಗೆ ಮತ್ತೆ ಎಳೆದು ತಂದದ್ದು ಇದೇ ಮ್ಯೂಆನ್.

ಚಿನ್ನಕ್ಕಾಗಿ ತೋಡಿದ ಆಳ

ಇಂದು ಕೆಜಿಎಫ್ ಎಂದರೆ ಹೊಸ ತಲೆಮಾರಿಗೆ ನೆನಪಾಗುವುದು 2018ರಲ್ಲಿ ತೆರೆಕಂಡ ಚಲನಚಿತ್ರ. ಭೌತವಿಜ್ಞಾನದ ಗ್ರಂಥಾಲಯಗಳಲ್ಲಿ ಆ ಮೂರು ಅಕ್ಷರಗಳಿಗೆ ಬೇರೆಯೇ ಅರ್ಥವಿದೆ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಸುರಂಗಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದವು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಅದೂ ಒಂದಾಗಿತ್ತು. ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು ಅಲ್ಲಿನ ಕಾರ್ಮಿಕರು ದಿನವೂ ಎದುರಿಸುತ್ತಿದ್ದ ಅಪಾಯ. ಅಂಥ ಜಾಗದಲ್ಲಿ ಭೌತವಿಜ್ಞಾನಿಗಳಿಗೇನು ಕೆಲಸ?

ಅವರಿಗೆ ಬೇಕಾಗಿದ್ದುದು ಚಿನ್ನವಲ್ಲ, ತಲೆಯ ಮೇಲಿನ ಬಂಡೆ. ಮ್ಯೂಆನ್‌ಗಳು ಎಷ್ಟು ಆಳದವರೆಗೆ ತೂರಬಲ್ಲವೆಂದು ಅಳೆಯಲು ಭಾಭಾ ಅವರ ಒತ್ತಾಸೆಯಿಂದ 1950ರ ದಶಕದ ಆರಂಭದಲ್ಲಿ ಗಣಿಗಿಳಿದವರು ಬಿ.ವಿ. ಶ್ರೀಕಂಠನ್. 1925ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಅವರು ಮುಂದೆ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. 1960ರ ದಶಕದ ಮೊದಲ ವರ್ಷಗಳಲ್ಲಿ ಇನ್ನೂ ಆಳದ ಅಳತೆಗಳು ನಡೆದವು. ಜಪಾನಿನ ಸಬುರೊ ಮಿಯಾಕೆ, ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಅವರ ತಂಡ ಕೆಳಗಿಳಿದಷ್ಟೂ ಎಣಿಕೆ ಕುಸಿಯಿತು. ಅತ್ಯಂತ ಆಳದ ತಾಣದಲ್ಲಿ ಅದು ಸೊನ್ನೆಗೇ ಬಂತು.

ಬೇರೆ ಪ್ರಯೋಗವಾಗಿದ್ದರೆ ಸೊನ್ನೆ ಎಂದರೆ ನಿರಾಶೆ. ಇಲ್ಲಿ ಅದೇ ಬಂಡವಾಳವಾಯಿತು. ಸದ್ದೇ ಇಲ್ಲದ ಕೋಣೆಯಲ್ಲಿ ಪಿಸುಮಾತೂ ಕೇಳಿಸುವಂತೆ, ಮ್ಯೂಆನ್‌ಗಳ ಗದ್ದಲವಿಲ್ಲದ ಆ ಆಳದಲ್ಲಿ ಅತಿ ವಿರಳ ಘಟನೆಗಳನ್ನು ಹಿಡಿಯಬಹುದೆಂದು ವಿಜ್ಞಾನಿಗಳಿಗೆ ಹೊಳೆಯಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಹಾಗೂ ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ಜಂಟಿ ತಂಡ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಹೂಡಿತು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ಆರ್ನಲ್ಡ್ ವುಲ್ಫೆಂಡೇಲ್ ಮೊದಲಾದವರು ಆ ತಂಡದಲ್ಲಿದ್ದರು. ತಂತ್ರ ಸರಳವಾಗಿತ್ತು. ಆಕಾಶದಿಂದ ಬರುವ ಮ್ಯೂಆನ್ ಮೇಲಿನಿಂದ ಕೆಳಕ್ಕೆ ಬರಬೇಕು. ಅಡ್ಡಡ್ಡವಾಗಿ ಬರುವ ಮ್ಯೂಆನ್ ಹತ್ತಾರು ಕಿಲೋಮೀಟರ್ ಬಂಡೆಯನ್ನು ದಾಟಿ ಬಂದಿರಲಾರದು. ಅದು ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು, ಹುಟ್ಟಿಸಿದ್ದು ನ್ಯೂಟ್ರಿನೊ ಆಗಿರಬೇಕು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಹೀಗೆ ಮೊದಲ ಬಾರಿಗೆ ಪತ್ತೆಯಾದವು. ವರದಿ ಪ್ರಕಟವಾದದ್ದು 1965ರ ಆಗಸ್ಟ್ ತಿಂಗಳಲ್ಲಿ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದೇ ಬೇಟೆಯಲ್ಲಿದ್ದ ಫ್ರೆಡ್ರಿಕ್ ರೈನ್ಸ್ ತಂಡದ ವರದಿಯೂ ಅದೇ ತಿಂಗಳು ಹೊರಬಂತು. ಎರಡು ಚಿನ್ನದ ಗಣಿಗಳು, ಒಂದೇ ಕಣ!

ಗಾಳಿಯಲ್ಲಿ ಒಡೆದ ಕಣಗಳು

ಹತ್ತು ವರ್ಷಗಳ ಬಳಿಕ, 1975ರಲ್ಲಿ, ಕೋಲಾರದ ತಂಡ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿತು. ನ್ಯೂಟ್ರಿನೊಗಳಿಗಾಗಿ ಹೂಡಿದ್ದ ಶೋಧಕಗಳಲ್ಲಿ ಕೆಲವು ಬಾರಿ ಎರಡು ಮೂರು ಗೆರೆಗಳು ಒಟ್ಟಿಗೆ ಮೂಡಿದ್ದವು. ಆ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿದಾಗ ಅವು ಒಂದೇ ಬಿಂದುವಿನಲ್ಲಿ ಕೂಡುತ್ತಿದ್ದವು. ಆ ಬಿಂದು ಬಂಡೆಯೊಳಗಿದ್ದಿದ್ದರೆ ಆಶ್ಚರ್ಯವೇನಿರಲಿಲ್ಲ; ನ್ಯೂಟ್ರಿನೊ ಬಂಡೆಗೆ ಬಡಿದು ಹಲವು ಕಣಗಳನ್ನು ಸಿಡಿಸಿತೆನ್ನಬಹುದಿತ್ತು. ಆದರೆ ಅದಿದ್ದುದು ಬಂಡೆಯ ಗೋಡೆಯಿಂದ ಈಚೆಗೆ, ಗಾಳಿಯಲ್ಲಿ ಅಥವಾ ಶೋಧಕದ ತೆಳುವಾದ ಭಾಗದಲ್ಲಿ. ಗಾಳಿಯಲ್ಲಿ ಡಿಕ್ಕಿ ಹೊಡೆಯಲು ಏನಿದೆ?

ತಂಡದವರು ಮಾಡಿದ ಊಹೆ ಹೀಗಿತ್ತು: ಬಂಡೆಯಲ್ಲಿ ಹುಟ್ಟಿದ ಯಾವುದೋ ಹೊಸ ಕಣ ಹೊರಬಂದು ಸ್ವಲ್ಪ ದೂರ ಸಾಗಿ, ಹಾದಿಯಲ್ಲೇ ಕ್ಷಯಿಸಿದೆ. ದೂರವೇ ಆಯುಷ್ಯದ ಅಳತೆಗೋಲು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸಾಗುವುದು ಸುಮಾರು 30 ಸೆಂಟಿಮೀಟರ್, ಅಂದರೆ ಶಾಲಾ ಮಕ್ಕಳ ಅಳತೆಪಟ್ಟಿಯಷ್ಟು. ಹಾಗಾಗಿ ಕಣದ ಆಯುಷ್ಯ ಆ ಪ್ರಮಾಣದ್ದಿರಬೇಕು; ಅದರ ರಾಶಿ ಪ್ರೋಟಾನಿನ ರಾಶಿಯ ಕೆಲವು ಪಟ್ಟು ಇರಬೇಕು. ಅಂಥ ಕಣ ಯಾವುದೂ ಆಗ ಪಟ್ಟಿಯಲ್ಲಿರಲಿಲ್ಲ. ಈಗಲೂ ಇಲ್ಲ. ಯುರೋಪಿನ ಸರ್ನ್ ಹಾಗೂ ಅಮೆರಿಕದ ಫರ್ಮಿಲ್ಯಾಬ್‌ಗಳಲ್ಲಿ ನ್ಯೂಟ್ರಿನೊ ಕಿರಣಪುಂಜಗಳನ್ನಿಟ್ಟುಕೊಂಡು ಹುಡುಕಿದವರಿಗೆ ಏನೂ ಸಿಗಲಿಲ್ಲ. ‘ಕೋಲಾರ ಘಟನೆಗಳು’ ಎಂಬ ಹೆಸರಿನಲ್ಲಿ ಅವು ವಿಜ್ಞಾನದ ಕಡತದಲ್ಲಿ ಉಳಿದುಕೊಂಡವು. ಬೆರಳೆಣಿಕೆಯ ಘಟನೆಗಳಿಂದ ಹೊಸ ಕಣವನ್ನು ಸಾಧಿಸಲಾಗದು ಎಂಬುದು ಸರಿ. ಆದರೆ ಅವುಗಳಿಗೆ ಸರ್ವಸಮ್ಮತವಾದ ಸಾಮಾನ್ಯ ವಿವರಣೆಯೂ ದೊರೆತಿಲ್ಲ.

ಸೊನ್ನೆಗಳ ಲೆಕ್ಕ

ಈ ನಡುವೆ ಸಿದ್ಧಾಂತಿಗಳ ವಲಯದಲ್ಲಿ ದೊಡ್ಡ ಸಂಚಲನವಾಗಿತ್ತು. ಮ್ಯೂಆನ್ ಕ್ಷಯಿಸುತ್ತದೆ. ಪರಮಾಣುವಿನ ನ್ಯೂಕ್ಲಿಯಸ್ಸಿನಿಂದ ಹೊರಬಿದ್ದ ನ್ಯೂಟ್ರಾನ್ ಹದಿನೈದು ನಿಮಿಷದೊಳಗೆ ಕ್ಷಯಿಸುತ್ತದೆ. ಆದರೆ ಪ್ರೋಟಾನ್ ಮಾತ್ರ ಶಾಶ್ವತವೆಂದು ಎಲ್ಲರೂ ನಂಬಿದ್ದರು. ಜಗತ್ತಿನ ಸಮಸ್ತ ಪದಾರ್ಥವೂ, ಕಲ್ಲು ನೀರು ಅನ್ನ ಎಲ್ಲವೂ, ನಿಂತಿರುವುದು ಆ ನಂಬಿಕೆಯ ಮೇಲೆ. ಪಾಕಿಸ್ತಾನದ ಅಬ್ದುಸ್ ಸಲಾಂ ಮತ್ತು ಭಾರತೀಯ ಮೂಲದ ಜೋಗೇಶ್ ಪತಿ 1970ರ ದಶಕದ ಮೊದಲರ್ಧದಲ್ಲಿ ಈ ನಂಬಿಕೆಯನ್ನು ಪ್ರಶ್ನಿಸಿದರು. 1974ರಲ್ಲಿ ಹೊವಾರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಷೋ ಮಂಡಿಸಿದ ಏಕೀಕೃತ ಸಿದ್ಧಾಂತದಲ್ಲೂ ಪ್ರೋಟಾನ್ ಎಂದೋ ಒಂದು ದಿನ ಒಡೆಯಲೇಬೇಕಾಗಿತ್ತು. ಎಂದೋ ಅಂದರೆ? ಲೆಕ್ಕಾಚಾರ ಕೊಟ್ಟ ಸರಾಸರಿ ಆಯುಷ್ಯ 1ರ ಮುಂದೆ ಸುಮಾರು 30 ಸೊನ್ನೆ ಬರೆದಷ್ಟು ವರ್ಷ.

ವಿಶ್ವದ ವಯಸ್ಸೇ 1380 ಕೋಟಿ ವರ್ಷ. ಅಂದರೆ ಹನ್ನೊಂದು ಅಂಕಿಗಳ ಒಂದು ಸಂಖ್ಯೆ. ಅದರ ಮುಂದೆ ಈ ಆಯುಷ್ಯವನ್ನು ಅಳೆಯುವ ಮಾತು ಹುಚ್ಚುತನವೆನ್ನಿಸಬಹುದು. ಆದರೆ ಕ್ಷಯಕ್ಕೆ ವಯಸ್ಸಿಲ್ಲವೆಂಬ ಮೇಲಿನ ಮಾತು ಇಲ್ಲಿ ನೆರವಿಗೆ ಬರುತ್ತದೆ. ಒಂದೇ ಪ್ರೋಟಾನನ್ನು ಅಷ್ಟು ವರ್ಷ ಕಾಯಬೇಕಾಗಿಲ್ಲ. ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾದರೆ ಸಾಕು, ಒಂದಾದರೂ ಒಡೆದೀತು. 140 ಟನ್ ಕಬ್ಬಿಣದಲ್ಲಿರುವ ಪ್ರೋಟಾನ್ ಮತ್ತು ನ್ಯೂಟ್ರಾನುಗಳನ್ನು ಲೆಕ್ಕ ಹಾಕಿದರೆ 8ರ ಮುಂದೆ 31 ಸೊನ್ನೆಗಳಷ್ಟಾಗುತ್ತದೆ. ಸಿದ್ಧಾಂತ ನಿಜವಾಗಿದ್ದರೆ ವರ್ಷಕ್ಕೆ ಹಲವು ಸಾವುಗಳು ಕಣ್ಣಿಗೆ ಬೀಳಬೇಕು.

ಪ್ರೋಟಾನ್ ತೀರ ಬೇಗ ಸಾಯುವುದಿಲ್ಲವೆಂಬುದಕ್ಕೆ ಪ್ರಯೋಗಶಾಲೆಯೇನೂ ಬೇಕಿರಲಿಲ್ಲ. ಅಮೆರಿಕದ ಭೌತವಿಜ್ಞಾನಿ ಮಾರಿಸ್ ಗೋಲ್ಡ್‌ಹೇಬರ್ ಹಿಂದೆಯೇ ಒಂದು ಸ್ವಾರಸ್ಯಕರ ವಾದ ಹೂಡಿದ್ದರು: ಪ್ರೋಟಾನಿನ ಆಯುಷ್ಯ 1ರ ಮುಂದೆ 16 ಸೊನ್ನೆಗಳಷ್ಟು ವರ್ಷಕ್ಕಿಂತ ಕಡಿಮೆಯಿದ್ದಿದ್ದರೆ, ನಮ್ಮ ದೇಹದೊಳಗೇ ಒಡೆಯುವ ಪ್ರೋಟಾನುಗಳ ವಿಕಿರಣ ನಮ್ಮನ್ನು ಕೊಂದುಬಿಡುತ್ತಿತ್ತು. ನಾವು ಬದುಕಿರುವುದೇ ಒಂದು ಅಳತೆ!

ಕೋಲಾರದ 2.3 ಕಿಲೋಮೀಟರ್ ಆಳದಲ್ಲಿ 140 ಟನ್ನಿನ ಆ ಕಬ್ಬಿಣದ ರಾಶಿ 1980ರ ಕೊನೆಗೆ ಕೆಲಸ ಆರಂಭಿಸಿತು. ಪ್ರೋಟಾನ್ ಕ್ಷಯವನ್ನೇ ಗುರಿಯಾಗಿಟ್ಟುಕೊಂಡು ಕಟ್ಟಿದ ಶೋಧಕಗಳಲ್ಲಿ ಜಗತ್ತಿನಲ್ಲೇ ಮೊದಲು ಚಾಲನೆಗೊಂಡದ್ದು ಅದು. ಭಾರತ ಮತ್ತು ಜಪಾನ್‌ಗಳ ಜಂಟಿ ಯತ್ನ. ನಾಲ್ಕು ಮೀಟರ್ ಅಗಲ, ಆರು ಮೀಟರ್ ಉದ್ದ, ಆಳೆರಡು ಎತ್ತರದ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಬಹುದು. ಅದರೊಳಗೆ ಕಬ್ಬಿಣದ ತಟ್ಟೆಗಳು ಮತ್ತು ಅನಿಲ ತುಂಬಿದ ಚೌಕ ಕೊಳವೆಗಳು ಇಟ್ಟಿಗೆಗಳಂತೆ ಒಂದರ ಮೇಲೊಂದು, ಒಟ್ಟು 34 ಪದರ. ಕೊಳವೆಗಳ ಸಂಖ್ಯೆ ಸುಮಾರು 1600. ವಿದ್ಯುದಾವೇಶವುಳ್ಳ ಕಣ ಕೊಳವೆಯನ್ನು ದಾಟಿದರೆ ಅನಿಲದಲ್ಲಿ ಒಂದು ಪುಟ್ಟ ವಿದ್ಯುತ್ ಸ್ಪಂದನ ಏಳುತ್ತದೆ. ಯಾವ್ಯಾವ ಕೊಳವೆಗಳಲ್ಲಿ ಸ್ಪಂದನ ಎದ್ದಿತೆಂದು ಗುರುತಿಸಿದರೆ ಕಣ ನಡೆದ ಹಾದಿ ಸಿಗುತ್ತದೆ.

ಆಳದ ಪ್ರಯೋಜನ ಒಂದೇ ಲೆಕ್ಕದಿಂದ ತಿಳಿಯುತ್ತದೆ. ಅಷ್ಟೇ ಅಗಲದ ಶೋಧಕವನ್ನು ಗಣಿಯ ಬಾಯಿಯಲ್ಲಿ, ಬಯಲಿನಲ್ಲಿ ಇಟ್ಟಿದ್ದರೆ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮ್ಯೂಆನ್‌ಗಳು ಅದನ್ನು ತೂರುತ್ತಿದ್ದವು. ಕೆಳಗೆ ಬಂದದ್ದು ದಿನಕ್ಕೆ ಸುಮಾರು ಎರಡು.

ಹುಡುಕಬೇಕಾದ ಚಿತ್ರ ಸ್ಪಷ್ಟವಿತ್ತು. ಪ್ರೋಟಾನ್ ಒಡೆದರೆ, ಸಿದ್ಧಾಂತದ ಪ್ರಕಾರ, ಅದರಿಂದ ಒಂದು ಪಾಸಿಟ್ರಾನ್ ಮತ್ತು ಒಂದು ಪಯಾನ್ ವಿರುದ್ಧ ದಿಕ್ಕುಗಳಿಗೆ ಚಿಮ್ಮಬೇಕು. ಪಯಾನ್ ಮರುಗಳಿಗೆಯೇ ಎರಡು ಗ್ಯಾಮಾ ಕಿರಣಗಳಾಗಬೇಕು. ಒಟ್ಟು ಶಕ್ತಿ ಪ್ರೋಟಾನಿನ ರಾಶಿಗೆ ಸಮವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗೆರೆಗಳು ಶೋಧಕದ ಒಳಗೇ ಆರಂಭವಾಗಿ ಒಳಗೇ ಮುಗಿಯಬೇಕು. ಹೊರಗಿನಿಂದ ಬಂದ ಹೆಜ್ಜೆಗುರುತು ಇರಕೂಡದು.

ಅಂಥ ಕೆಲವು ಘಟನೆಗಳು ಸಿಕ್ಕವು! 1981 ಮತ್ತು 1982ರಲ್ಲಿ ತಂಡ ಅವನ್ನು ‘ಅಭ್ಯರ್ಥಿ ಘಟನೆ’ಗಳೆಂಬ ಎಚ್ಚರಿಕೆಯ ಹೆಸರಿನಿಂದ ಪ್ರಕಟಿಸಿತು. ಜಗತ್ತಿನ ಕಣ್ಣು ಕೋಲಾರದತ್ತ ಹೊರಳಿತು. ಪ್ರೋಟಾನ್ ನಿಜಕ್ಕೂ ಸಾಯುತ್ತದೆಂದಾದರೆ ಅದು ಶತಮಾನದ ಶೋಧವಾಗುತ್ತಿತ್ತು.

ತೊಡಕು ಬಂದದ್ದು ಹಳೆಯ ಪರಿಚಿತನಿಂದಲೇ. ನ್ಯೂಟ್ರಿನೊಗೆ ವಿದ್ಯುದಾವೇಶವಿಲ್ಲ, ಅದು ಒಳಬರುವಾಗ ಯಾವ ಗೆರೆಯನ್ನೂ ಬಿಡುವುದಿಲ್ಲ. ಶೋಧಕದ ಮಧ್ಯದಲ್ಲಿ ಅದು ಕಬ್ಬಿಣದ ನ್ಯೂಕ್ಲಿಯಸ್ಸಿಗೆ ಬಡಿದರೆ, ಏನೂ ಇಲ್ಲದೆಡೆಯಿಂದ ಕೆಲವು ಕಣಗಳು ಚಿಮ್ಮಿದಂತೆ ಕಾಣುತ್ತದೆ. ಮ್ಯೂಆನನ್ನು ತಡೆಯಲು 2.3 ಕಿಲೋಮೀಟರ್ ಬಂಡೆ ಸಾಕಿತ್ತು. ನ್ಯೂಟ್ರಿನೊವನ್ನು ತಡೆಯಲು ಇಡೀ ಭೂಮಿಯೂ ಸಾಲದು. 1965ರಲ್ಲಿ ಯಾವ ಕಣವನ್ನು ಕಂಡು ಕೋಲಾರ ಸಂಭ್ರಮಿಸಿತ್ತೋ ಅದೇ ಈಗ ಮೋಸಗಾರನ ಪಾತ್ರ ವಹಿಸಿತ್ತು. ಹತ್ತು ಸೆಂಟಿಮೀಟರ್ ಅಗಲದ ಕೊಳವೆಗಳಿಂದ ಕಟ್ಟಿದ ಚಿತ್ರ ಒರಟಾಗಿತ್ತು. ಕೆಲವೇ ಚುಕ್ಕೆಗಳನ್ನು ಜೋಡಿಸಿ ಇದು ಸಾವು, ಇದು ಡಿಕ್ಕಿ ಎಂದು ತೀರ್ಪು ಕೊಡುವುದು ಸುಲಭವಾಗಿರಲಿಲ್ಲ.

ಅಷ್ಟರಲ್ಲಿ ಭಾರಿ ಗಾತ್ರದ ಸ್ಪರ್ಧಿಗಳು ಬಂದರು. ಅಮೆರಿಕದ ಒಹಾಯೊ ರಾಜ್ಯದ ಉಪ್ಪಿನ ಗಣಿಯೊಂದರಲ್ಲಿ 8000 ಟನ್ ಶುದ್ಧ ನೀರಿನ ಐಎಂಬಿ ಶೋಧಕ 1982ರಲ್ಲಿ ಕೆಲಸ ಶುರುಮಾಡಿತು. ಕೋಲಾರದಷ್ಟು ಆಳವಿಲ್ಲದಿದ್ದರೂ ಗಾತ್ರದಲ್ಲಿ ಅದು ಐವತ್ತು ಪಟ್ಟಿಗೂ ಮಿಗಿಲು. ಸಿದ್ಧಾಂತ ಹೇಳಿದ ವೇಗದಲ್ಲಿ ಪ್ರೋಟಾನ್ ಸಾಯುತ್ತಿದ್ದರೆ ಅಲ್ಲಿ ಘಟನೆಗಳ ಸುರಿಮಳೆಯಾಗಬೇಕಿತ್ತು. 1983ರಲ್ಲಿ ಬಂದ ಫಲಿತಾಂಶ: ಒಂದೂ ಇಲ್ಲ. ಜಾರ್ಜೈ ಮತ್ತು ಗ್ಲಾಷೋ ಅವರ ಸರಳ ಸಿದ್ಧಾಂತ ಅಲ್ಲಿಗೆ ಮುರಿದುಬಿತ್ತು. ಕೋಲಾರದ ಅಭ್ಯರ್ಥಿಗಳು ಪ್ರೋಟಾನಿನ ಸಾವೆಂದು ವಿಜ್ಞಾನ ಜಗತ್ತು ಒಪ್ಪಲಿಲ್ಲ. ತಂಡವೇನೂ ಕೈಚೆಲ್ಲಲಿಲ್ಲ. 1980ರ ದಶಕದ ಮಧ್ಯದಲ್ಲಿ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ 260 ಟನ್ನಿನ ಎರಡನೆಯ ಶೋಧಕವನ್ನು ನಿಲ್ಲಿಸಿ 1990ರ ದಶಕದ ಆರಂಭದವರೆಗೂ ಕಾಯಿತು.

ಸೋಲೆಂದು ಇದನ್ನು ಬರೆದಿಡುವುದು ಅನ್ಯಾಯವಾದೀತು. ಜಪಾನಿನ ಕಾಮಿಯೋಕಾ ಗಣಿಯಲ್ಲಿ 1983ರಲ್ಲಿ ಆರಂಭವಾದ 3000 ಟನ್ನಿನ ಶೋಧಕವೂ ಪ್ರೋಟಾನಿನ ಸಾವನ್ನೇ ಹುಡುಕಹೊರಟಿತ್ತು, ಅದಕ್ಕೂ ಸಿಗಲಿಲ್ಲ. ಬದಲಿಗೆ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಅದರ ಬಲೆಗೆ ಬಿದ್ದವು. ಅದರ ಉತ್ತರಾಧಿಕಾರಿಯಾದ 50,000 ಟನ್ನಿನ ಸೂಪರ್ ಕಾಮಿಯೋಕಾಂಡೆ 1998ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆಂದು ತೋರಿಸಿತು. ಈ ಎರಡು ಶೋಧಗಳಿಗೆ 2002ರಲ್ಲಿ ಮಸತೋಶಿ ಕೋಶಿಬಾ, 2015ರಲ್ಲಿ ತಕಾಕಿ ಕಾಜಿತಾ ನೊಬೆಲ್ ಗೌರವಕ್ಕೆ ಪಾತ್ರರಾದರು. ಪ್ರೋಟಾನ್ ಬೇಟೆಯಲ್ಲಿ ಯಾವುದು ಬರೀ ಅಡಚಣೆಯೆನಿಸಿತ್ತೋ ಅದೇ ಬಹುಮಾನ ತಂದಿತು. ಪ್ರೋಟಾನ್ ಮಾತ್ರ ಇನ್ನೂ ಒಡೆದಿಲ್ಲ. ಸೂಪರ್ ಕಾಮಿಯೋಕಾಂಡೆ 2020ರಲ್ಲಿ ನೀಡಿದ ಲೆಕ್ಕದಂತೆ, ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವುದಾದರೆ ಅದರ ಆಯುಷ್ಯ 24ರ ಮುಂದೆ 33 ಸೊನ್ನೆಗಳಷ್ಟು ವರ್ಷಕ್ಕೂ ಹೆಚ್ಚು. ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಹೈಪರ್ ಕಾಮಿಯೋಕಾಂಡೆಯನ್ನು ಜಪಾನ್ ಕಟ್ಟುತ್ತಿದೆ.

ಭಾರತದ ಕಥೆ ಬೇರೆ ಹಾದಿ ಹಿಡಿಯಿತು. ಚಿನ್ನದ ಇಳುವರಿ ಕುಸಿದು ನಷ್ಟ ಏರಿದ ಕಾರಣ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಾವಿರಾರು ಕಾರ್ಮಿಕ ಕುಟುಂಬಗಳ ಬದುಕು ಬೀದಿಗೆ ಬಂತು. ಅದರೆದುರು ವಿಜ್ಞಾನದ ನಷ್ಟ ಸಣ್ಣದೆನ್ನಿಸಿದರೆ ತಪ್ಪಿಲ್ಲ. ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ದೇಶದ ಅತ್ಯಂತ ಆಳದ ಪ್ರಯೋಗ ತಾಣ ಹೀಗೆ ಕೈತಪ್ಪಿತು. ಅದರ ಬದಲಿಗೆ ಯೋಜಿಸಿದ್ದು ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯ. ಕೋಲಾರದ ಕಬ್ಬಿಣದ ಪದರಗಳ ಕಲ್ಪನೆಯನ್ನೇ ಹಿಗ್ಗಿಸಿದ 50,000 ಟನ್ನಿನ ಶೋಧಕ ಅದರ ಹೃದಯವಾಗಬೇಕಿತ್ತು. ಕೋಲಾರದಲ್ಲಿ ದುಡಿದಿದ್ದ ಎನ್.ಕೆ. ಮಂಡಲ್ ಅದರ ಮುಂಚೂಣಿಯಲ್ಲಿದ್ದರು. ನೀಲಗಿರಿಯ ಸಿಂಗಾರಾ ಜಾಗಕ್ಕೆ 2009ರಲ್ಲಿ ಅನುಮತಿ ನಿರಾಕರಿಸಲಾಯಿತು. ತೇಣಿ ಜಿಲ್ಲೆಯ ಪೊಟ್ಟಿಪುರಂ ಬಳಿಯ ಬೆಟ್ಟ ಗೊತ್ತಾಯಿತು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1500 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೆ ಪಶ್ಚಿಮಘಟ್ಟದ ಕಾಡು, ನೀರು, ಹುಲಿಗಳ ಓಡಾಟದ ಹಾದಿಗೆ ಧಕ್ಕೆಯೆಂದು ಸ್ಥಳೀಯರು ಎದ್ದುನಿಂತರು. 2022ರಲ್ಲಿ ತಮಿಳುನಾಡು ಸರಕಾರ ಸುಪ್ರೀಂ ಕೋರ್ಟಿನಲ್ಲಿ ಯೋಜನೆಗೆ ವಿರೋಧ ದಾಖಲಿಸಿತು. ಅದೇ ಘಟ್ಟದ ಮಡಿಲಲ್ಲಿರುವ ಕೊಪ್ಪ, ಶೃಂಗೇರಿಯ ಜನಕ್ಕೆ ಇಂಥ ಆತಂಕ ಅರ್ಥವಾಗದ್ದೇನಲ್ಲ. ಆದರೆ ಕೋಲಾರದಲ್ಲಿ ಬೆಟ್ಟ ಕೊರೆಯುವ ಅಗತ್ಯವೇ ಇರಲಿಲ್ಲ, ಆಳ ಆಗಲೇ ತಯಾರಿತ್ತು ಎಂಬುದೂ ನಿಜ. ಝಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 2017ರಲ್ಲಿ ತೆರೆದ ಪ್ರಯೋಗಾಲಯದ ಆಳ 555 ಮೀಟರ್. ಕೋಲಾರದ ತಾಣದ ಕಾಲು ಭಾಗದಷ್ಟು.

ಹಳೆಯ ‘ಕೋಲಾರ ಘಟನೆ’ಗಳನ್ನು ಮಾತ್ರ ಎಲ್ಲರೂ ಮರೆತಿಲ್ಲ. ಚೆನ್ನೈನ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ ‘ಪ್ರಮಾಣ’ ಪತ್ರಿಕೆಯಲ್ಲಿ ಅವನ್ನು ಮತ್ತೆ ಕೆದಕಿದರು. ಗಾಳಿಯಲ್ಲಿ ಒಡೆದದ್ದು ಬಂಡೆಯಿಂದ ಬಂದ ಕಣವೇ ಆಗಿರಬೇಕೆಂದಿಲ್ಲ, ಎಲ್ಲೆಡೆ ಕಾಣದಂತೆ ತುಂಬಿರುವ ಕಪ್ಪುದ್ರವ್ಯದ ಕಣವೊಂದು ಅಲ್ಲಿಯೇ ಕ್ಷಯಿಸಿರಬಹುದು ಎಂಬುದು ಅವರ ಊಹೆ. ಅದು ಸರಿಯಾದರೆ ಅಂಥ ಘಟನೆಗಳು ಕಾಣಬೇಕಾದದ್ದು ಬಂಡೆಯಲ್ಲೋ ಕಬ್ಬಿಣದಲ್ಲೋ ಅಲ್ಲ, ಶೋಧಕದ ಸುತ್ತಲಿನ ಬರಿದಾದ ಜಾಗದಲ್ಲಿ. ಇದನ್ನು ಪರೀಕ್ಷಿಸಲು ಬೇಕಾದದ್ದು ಆಳದಲ್ಲೊಂದು ದೊಡ್ಡ ಗುಹೆ, ಅದರ ಗೋಡೆಗಳಿಗೆ ಹೊಂದಿಸಿದ ಶೋಧಕಗಳು, ನಡುವೆ ಖಾಲಿ ಗಾಳಿ.